ಕೊಬ್ಬು ಹಾಕದ ಟ್ಯೂಬ್

ತಿಪ್ಪೇಶ,

ಇದನ್ನು ನಿನಗೆ ಕಳಿಸುವುದಿಲ್ಲ. ಸನ್ಮಾನದ ಶಾಲು ಮಡಿಸಿಡುವುದೇ ನಿನಗೆ ಕೈತುಂಬ ಕೆಲಸ.

ಇವತ್ತು ದಾವಣಗೆರೆಯಲ್ಲಿ ನಿನ್ನ ಭಾಷಣ ಕೇಳಲು ನನ್ನ ಅವ್ವನನ್ನು ನಂದಿಗುಡಿಯಿಂದ ಕರೆತಂದಿದ್ದೆ. ಕೀಲುವಾತದಿಂದ ಅವಳ ಬೆರಳುಗಳು ಊದಿಕೊಂಡಿವೆ. ನಾಟಿಗೆ ಇಳಿದರೆ ಭತ್ತದ ಸಸಿಯೂ ಕೈಯಲ್ಲಿ ನಿಲ್ಲುವುದಿಲ್ಲ. ಲ್ಯಾಬಿನಲ್ಲಿ ತಯಾರಿಸಿದ ನಿನ್ನ ಪೆಪ್ಟೈಡ್, ಅಂದರೆ ಆ ಪುಟ್ಟ ಪ್ರೋಟೀನ್ ತುಣುಕು, ಉರಿಯೂತ ಕೆರಳಿಸುವ ಕೊಬ್ಬಿಗೆ ಅಂಟಿಕೊಂಡು ಅದನ್ನು ಅಡಗಿಸುತ್ತದೆ ಎಂದು ವೇದಿಕೆಯಲ್ಲಿ ನೀನು ಹೇಳಿದೆ. ಚಪ್ಪಾಳೆ ಬಿತ್ತು. ಎಷ್ಟು ಗಂಭೀರ ಮುಖ ಮಾಡಿದ್ದೆಯೋ ಮಾರಾಯ!

ಕೊಬ್ಬನ್ನೇ ಹಾಕದ ಆ ಟ್ಯೂಬ್ ನೆನಪಿದೆಯಾ? ಕೊಬ್ಬು ಹಾಕಿದ ಟ್ಯೂಬಿನ ನೀರಿನಲ್ಲಿ ಪೆಪ್ಟೈಡ್ ಉಳಿಯದಿದ್ದುದೇ ಅದು ಕೊಬ್ಬಿಗೆ ಅಂಟಿದೆ ಎಂಬುದಕ್ಕೆ ನಿನ್ನ ಪುರಾವೆ. ಆದರೆ ಈ ಟ್ಯೂಬಿನ ನೀರಿನಿಂದಲೂ ಪೆಪ್ಟೈಡ್ ಮಾಯವಾಗಿತ್ತು. ಅದು ಅಂಟಿದ್ದು ಟ್ಯೂಬಿನ ಪ್ಲಾಸ್ಟಿಕ್ಕಿಗೆ. ನಾನು ತೋರಿಸಿದಾಗ, "ಅದೊಂದ್ ಬಿಟ್ಬಿಡು, ಯಾರ್ ಕೇಳ್ತಾರೆ," ಅಂದಿದ್ದೆ ನೀನು. ಮರುದಿನದಿಂದ ನಾನು ಲ್ಯಾಬಿಗೆ ಬರಲಿಲ್ಲ. ನೀನೂ ಕರೆಯಲಿಲ್ಲ.

ಭಾಷಣ ಮುಗಿದ ಮೇಲೆ ಅವ್ವ ನಿನ್ನ ಬಳಿ ಬಂದು, "ಔಷಧಿ ಯಾವಾಗ ಕೊಡ್ತೀಯಪ್ಪಾ?" ಎಂದು ಕೇಳಿದಳು.

"ಸ್ವಲ್ಪ ತಡೀರಿ ಅವ್ವಾ, ನಿಮಗೇ ಮೊದ್ಲು," ಎಂದು ಹೇಳಿ, ನನ್ನ ಮುಖ ನೋಡದೆ ಫೋಟೋಗೆ ನಿಂತೆ.

ಬಸ್ಸು ಹರಿಹರ ದಾಟುವವರೆಗೂ ಅವ್ವನ ಬಾಯಲ್ಲಿ ನಿನ್ನದೇ ಗುಣಗಾನ. "ತಿಪ್ಪೇಶ ಸುಳ್ಳು ಹೇಳೋನಲ್ಲ ಬಿಡು. ನಾಟಿ ಹೊತ್ತಿಗೆ ಔಷಧಿ ಬರ್ತೈತೇನೆ?"

"ಬರ್ತೈತವ್ವಾ," ಎಂದೆ. ನಿನ್ನ ಜತೆ ಅಷ್ಟು ವರ್ಷ ಇದ್ದು ಇಷ್ಟನ್ನಾದರೂ ಕಲಿಯದಿದ್ದರೆ ಹೇಗೆ?

ಗಿರಿಜ