ಪರದೆಯ ಮೇಲೆ ಓದಿದ ಮಾತು

ಆಗಸ್ಟ್ ೯, ಶನಿವಾರ

ಪ್ರೀತಿಯ ಗುಬ್ಬಿ,

ನಿನ್ನ ಎರಡು ಪತ್ರಗಳೂ ಮೇಜಿನ ಮೇಲಿವೆ. ಮೊದಲನೆಯದು ಬಂದು ಮೂರು ತಿಂಗಳಾಯಿತು. ಉತ್ತರ ಬರೆಯಲಿಲ್ಲ, ನೀನು ಫೋನ್ ಮಾಡಿದರೆ ಎತ್ತಲಿಲ್ಲ. ‘ಅಕ್ಕನಿಗೆ ಜಂಬ ಬಂದಿದೆ’ ಎಂದು ನಿನ್ನ ಯಜಮಾನರು ಅಂದರೆಂದು ಬರೆದಿದ್ದೀಯ. ಅವರು ಅಂದದ್ದರಲ್ಲಿ ತಪ್ಪಿಲ್ಲ. ಅವರ ಮಂಡಿನೋವು ಹೇಗಿದೆ? ಮಕ್ಕಳ ಪರೀಕ್ಷೆ ಮುಗಿಯಿತೇ?

ಜಂಬವಲ್ಲ ಕಣೇ. ಏನೆಂದು ಹೇಳಬೇಕಾದರೆ ಶಾಲೆಯ ಕಥೆಯಿಂದಲೇ ಶುರುಮಾಡಬೇಕು.

ಹೋದ ವರ್ಷ ನಮ್ಮ ಶಾಲೆಯಲ್ಲಿ ಎಲ್ಲವನ್ನೂ ಆನ್‌ಲೈನ್ ಮಾಡಿದರು. ಹಾಜರಿ, ಮನೆಕೆಲಸ, ಅಂಕ, ಪಾಠ ಎಲ್ಲ ಒಂದೇ ಆ್ಯಪಿನೊಳಗೆ. ಪ್ರತಿ ತರಗತಿಯ ಕರಿಹಲಗೆಯ ಪಕ್ಕ ಒಂದು ದೊಡ್ಡ ಪರದೆ. ತರಬೇತಿಯ ದಿನ ಮೇಷ್ಟ್ರುಗಳ ಮುಖ ನೋಡಬೇಕಿತ್ತು. ‘ಇಪ್ಪತ್ತೆಂಟು ವರ್ಷ ಬಾಯಲ್ಲಿ ಪಾಠ ಮಾಡ್ದೆ. ಈಗ ಬೆರಳಲ್ಲಿ ಮಾಡಿ ಅಂತಾರಲ್ರೀ’ ಎಂದು ವ್ಯಾಕರಣದ ಮೇಷ್ಟ್ರು ನನ್ನ ಕಡೆ ತಿರುಗಿ ಗೊಣಗಿದರು. ಅವರಿಗೆ ಪಾಸ್‌ವರ್ಡ್ ಹಾಕಿಕೊಟ್ಟವಳು ನಾನು. ಮಿಕ್ಕವರಿಗೆ ಹೇಳಿಕೊಟ್ಟವಳೂ ನಾನೇ. ಗಣಿತದವಳಲ್ಲವೇ, ಬೇಗ ಹಿಡಿತಕ್ಕೆ ಸಿಕ್ಕಿತು ಎಂದುಕೊಂಡರು ಎಲ್ಲರೂ. ವರ್ಷದ ಕೊನೆಗೆ ನನ್ನನ್ನು ವೇದಿಕೆಗೆ ಕರೆದು ಪ್ರಮಾಣಪತ್ರ ಕೊಟ್ಟರು. ಬೇರೆ ಶಾಲೆಗಳ ಶಿಕ್ಷಕರು ನನ್ನ ತರಗತಿ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡು ಹೋದರು.

ನಿಜವಾದ ಕಾರಣ ಬೇರೆ. ಆ ಆ್ಯಪಿನಲ್ಲಿ ಒಂದು ಸೌಲಭ್ಯವಿದೆ. ತರಗತಿಯಲ್ಲಿ ಯಾರೇ ಮಾತಾಡಲಿ, ಮೈಕಿನಿಂದ ಅದನ್ನು ಹಿಡಿದುಕೊಂಡು ಪರದೆಯ ಕೆಳಭಾಗದಲ್ಲಿ ಅಕ್ಷರವಾಗಿ ತೋರಿಸುತ್ತದೆ. ತಪ್ಪುಗಳೂ ಆಗುತ್ತವೆ. ನಾನು ಭಿನ್ನರಾಶಿ ಮಾಡುತ್ತ ‘ಅಂಶ, ಛೇದ’ ಎಂದರೆ ಅದು ‘ಹಂಸ, ಚೇಳು’ ಎಂದು ಬರೆಯಿತು. ‘ಮಿಸ್, ಹಂಸ ಮೇಲೆ, ಚೇಳು ಕೆಳಗೆ’ ಎಂದು ಮಕ್ಕಳು ವಾರವಿಡೀ ನಕ್ಕರು. ಉಳಿದವರಿಗೆ ಅದೊಂದು ತಮಾಷೆ. ನನಗೆ ಮಾತ್ರ ಅದು ಬೇಕೇಬೇಕಾಗಿತ್ತು, ಏಕೆಂದರೆ ನನಗೆ ಕಿವಿ ಕೇಳಿಸುತ್ತಿರಲಿಲ್ಲ.

ನಾಲ್ಕು ವರ್ಷದಿಂದ ಹೀಗೆ. ಮೊದಮೊದಲು ಹಿಂದಿನ ಬೆಂಚಿನ ಮಾತು ಹೋಯಿತು, ಆಮೇಲೆ ಮುಂದಿನದೂ ಹೋಯಿತು. ತುಟಿ ನೋಡಿ ಊಹಿಸುತ್ತಿದ್ದೆ, ‘ಬಾ, ಬೋರ್ಡಿನ ಮೇಲೇ ಬರೆದು ತೋರ್ಸು’ ಎನ್ನುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಕಿವುಡಿ ಟೀಚರನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಭಯ. ಪರದೆ ಬಂದ ಮೇಲೆ ಒಂದು ವರ್ಷ ಒಂದು ಮಗುವಿನ ಮಾತೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಪಾಠ ಮಾಡಿರಲಿಲ್ಲ.

ಜೂನ್ ಕೊನೆಯ ಮಂಗಳವಾರ, ಇಂಟರ್ವಲ್ ಮುಗಿದು ಮೂರನೇ ಪೀರಿಯಡ್ ಶುರುವಾಗಿತ್ತು. ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿ ಉತ್ತರ ಕೇಳಿದೆ. ಅಷ್ಟರಲ್ಲಿ ನೆಟ್ ಕೈಕೊಟ್ಟಿತು, ಪರದೆಯ ಅಕ್ಷರ ನಿಂತುಹೋಯಿತು. ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ಆರನೇ ತರಗತಿಯವಳು, ಯಾವತ್ತೂ ತಾನಾಗಿ ಬಾಯಿ ಬಿಟ್ಟವಳಲ್ಲ. ತಲೆ ತಗ್ಗಿಸಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಏನೋ ಹೇಳಿದಳು. ಅಂತೂ ಉತ್ತರ ಹೇಳಿದಳಲ್ಲ ಎಂದು ನನಗೆ ಖುಷಿಯಾಯಿತು. ನಕ್ಕು, ‘ತುಂಬಾ ಒಳ್ಳೇದು, ಕೂತ್ಕೋ’ ಎಂದೆ. ಅವಳು ಕೂರಲಿಲ್ಲ. ‘ಇದೇ ಥರ ದಿನಾ ಧೈರ್ಯವಾಗಿ ಹೇಳ್ಬೇಕು’ ಎಂದೆ. ಆಮೇಲೆ ಕೂತಳು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಮುಂದಿನ ಲೆಕ್ಕಕ್ಕೆ ಹೋದೆ.

ನೆಟ್ ಇಲ್ಲದಾಗಲೂ ಮೈಕು ಧ್ವನಿಯನ್ನು ಹಿಡಿದಿಟ್ಟುಕೊಂಡು ಆಮೇಲೆ ಅಕ್ಷರಕ್ಕೆ ಇಳಿಸುತ್ತದೆ. ಸಂಜೆ ನಾಲ್ಕೂವರೆಗೆ ಸ್ಟಾಫ್ ರೂಮಿನಲ್ಲಿ ಕೂತು ದಿನದ ಬರಹ ತಿದ್ದುವುದು ನನ್ನ ರೂಢಿ. ಅಲ್ಲಿ ಹೀಗಿತ್ತು:

‘ವಿದ್ಯಾರ್ಥಿ: ಮಿಸ್, ಅಮ್ಮ ಮೆಟ್ಟಿಲಿಂದ ಬಿದ್ಬಿಟ್ರಂತೆ. ಆಸ್ಪತ್ರೆಗೆ ಕರ್ಕೊಂಡು ಹೋಗಿದಾರೆ. ಅತ್ತೆ ಗೇಟ್ ಹತ್ರ ಕಾಯ್ತಿದಾರೆ. ನಾನು ಹೋಗ್ಲಾ?

ಶಿಕ್ಷಕಿ: ತುಂಬಾ ಒಳ್ಳೇದು, ಕೂತ್ಕೋ.’

ಪಕ್ಕದಲ್ಲೇ ಎರಡು ಗುಂಡಿಗಳು, ಒಂದು ‘ತಿದ್ದಿ’, ಇನ್ನೊಂದು ‘ಅಳಿಸಿ’. ಅಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಬೆರಳು ಅಲ್ಲಿಯವರೆಗೂ ಹೋಯಿತು ಎನ್ನುವುದನ್ನೂ ನಿನಗೆ ಬರೆಯುತ್ತೇನೆ. ಕೊನೆಗೆ ಆ ಪುಟವನ್ನು ಪ್ರಿಂಟ್ ತೆಗೆದುಕೊಂಡು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದೆ.

ಅವರು ಓದಿ, ‘ಅಯ್ಯೋ, ಯಂತ್ರ ಏನೋ ಎಡವಟ್ಟು ಮಾಡ್ಕೊಂಡಿದೆ ಬಿಡಿ. ಹಂಸ, ಚೇಳು ಅಂತ ಬರ್ದಿದ್ದು ಇದೇ ತಾನೆ?’ ಎಂದರು.

‘ಇಲ್ಲ ಮೇಡಂ, ಅದು ಸರಿಯಾಗೇ ಕೇಳಿಸ್ಕೊಂಡಿದೆ. ಕೇಳಿಸ್ದೆ ಇದ್ದಿದ್ದು ನನಗೆ.’

ಅವರು ಕುರ್ಚಿಯನ್ನು ಬೆಳಕಿನ ಕಡೆ ತಿರುಗಿಸಿಕೊಂಡು, ತುಟಿ ಕಾಣುವಂತೆ ನಿಧಾನವಾಗಿ, ‘ಎಷ್ಟು ದಿನದಿಂದ?’ ಎಂದು ಕೇಳಿದರು.

ಮರುದಿನ ಆಸ್ಪತ್ರೆಗೆ ಹೋದೆ. ತಾಯಿಗೆ ತಲೆಯ ಶಸ್ತ್ರಚಿಕಿತ್ಸೆಯಾಗಿತ್ತು, ಪ್ರಾಣಾಪಾಯವಿಲ್ಲ ಎಂದಿದ್ದರು. ಈಗ ಮನೆಗೆ ಬಂದು ಓಡಾಡುತ್ತಿದ್ದಾರೆ. ಆದರೆ ಪೀರಿಯಡ್ ಮುಗಿಯುವವರೆಗೆ ಕೂತಿದ್ದ ಹುಡುಗಿ ನಲವತ್ತು ನಿಮಿಷ ತಡವಾಗಿ ತಲುಪಿದ್ದಳು. ಅಷ್ಟರಲ್ಲಿ ಅವರನ್ನು ಒಳಗೆ ಕರೆದೊಯ್ದಾಗಿತ್ತು. ಹೋಗುವ ಮುಂಚೆ ತಾಯಿ ಎರಡು ಸಲ ಮಗಳೆಲ್ಲಿ ಎಂದು ಕೇಳಿದ್ದರಂತೆ.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಅವಳ ಪಕ್ಕ ಕೂತು ಎಲ್ಲ ಹೇಳಿದೆ, ಕ್ಷಮಿಸು ಎಂದೆ. ಅವಳು ನನ್ನ ಫೋನ್ ತೆಗೆದುಕೊಂಡು ಟೈಪ್ ಮಾಡಿ ತೋರಿಸಿದಳು: ‘ಬೇಜಾರಿಲ್ಲ ಮಿಸ್. ನೀವು ಯಾಕೆ ನಕ್ಕಿರಿ ಅಂತ ಗೊತ್ತಾಗಿರಲಿಲ್ಲ.’

ಶಾಲೆ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸೋಮವಾರ ಮಕ್ಕಳ ಮುಂದೆ ನಿಂತು ನಾನೇ ಹೇಳಿದೆ. ಈಗ ಮಾತಾಡುವವರು ಮೊದಲು ಕೈ ಎತ್ತಿ, ನಾನು ನೋಡಿದ ಮೇಲೆಯೇ ಬಾಯಿ ತೆರೆಯುತ್ತಾರೆ. ಮರೆತವರಿಗೆ ಅಕ್ಕಪಕ್ಕದವರೇ ‘ಏಯ್, ಮಿಸ್ ಕಡೆ ತಿರುಗೋ’ ಎನ್ನುತ್ತಾರೆ. ನೆಟ್ ಹೋದರೆ ಪಾಠ ನಿಲ್ಲಿಸುತ್ತೇನೆ. ಎರಡು ಕಿವಿಗೂ ಯಂತ್ರ ಹಾಕಿಸಿಕೊಂಡಿದ್ದೇನೆ. ಬೆಂಚು ಎಳೆದರೆ ತಲೆಯೊಳಗೇ ಎಳೆದಂತಾಗುತ್ತದೆ. ರೂಢಿಯಾಗುತ್ತದೆ ಎಂದಿದ್ದಾರೆ ಡಾಕ್ಟರು. ಫೋನಿನ ಮಾತು ಮಾತ್ರ ಇನ್ನೂ ಕಲಸುಮೇಲೋಗರ. ಹಾಗಾಗಿ ಫೋನ್ ಮಾಡಬೇಡ, ಬರಿ. ಇನ್ನು ಮೇಲೆ ತಡಮಾಡುವುದಿಲ್ಲ.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ದೊಡ್ಡಮ್ಮನ ಆಶೀರ್ವಾದ. ನೀನು ನೂರು ಕಾಲ ಸುಖವಾಗಿರು.

ನಿನ್ನ
ಅಕ್ಕ

ತಾ. ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಅಮ್ಮ ತೀರಿಕೊಳ್ಳುವ ಹಿಂದಿನ ದಿನ ನನಗೆ ಫೋನ್ ಮಾಡಿದ್ದಳಲ್ಲ, ಏನಂದಳು ಎಂದು ನೀನು ಕೇಳಿದ್ದೆ. ‘ಗುಬ್ಬೀನ ಚೆನ್ನಾಗಿ ನೋಡ್ಕೋ ಅಂದ್ಲು’ ಎಂದೆ. ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಅದು ನಾನೇ ಕಟ್ಟಿದ ಮಾತು. ಅಮ್ಮ ಹನ್ನೊಂದು ನಿಮಿಷ ಮಾತಾಡಿದಳು. ನನಗೆ ಒಂದು ಪದವೂ ತಿಳಿಯಲಿಲ್ಲ. ‘ಹೂಂ ಅಮ್ಮ, ಆಯ್ತಮ್ಮ’ ಎನ್ನುತ್ತಾ ಹೋದೆ. ಕೊನೆಯಲ್ಲಿ ಅವಳು ಸುಮ್ಮನಾಗಿ ಕಾದಳು, ಏನೋ ಕೇಳಿರಬೇಕು. ಅದಕ್ಕೂ ಹೂಂ ಅಂದೆ. ಏನು ಕೇಳಿದ್ದಳು, ಯಾವುದಕ್ಕೆ ಒಪ್ಪಿಕೊಂಡೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.