ಹೊಟ್ಟೆ ಸೀಳದ ‘ಬ’

ಅಣ್ಣ,

ಇವತ್ತು ಅಮ್ಮನಿಗೆ ಎಂಬತ್ತು ತುಂಬಿತು. ನೀನು ಎಲ್ಲಿದ್ದೀಯೋ ನನಗೆ ಗೊತ್ತಿಲ್ಲ. ಆದರೂ ನಿನ್ನ ಉಡುಗೊರೆ ಬೆಳಿಗ್ಗೆಯೇ ತಲುಪಿತು: ಅವಳ ವಾಕರ್‌ಗೆ ಹಾಕಲು ಒಂದು ಸೈಕಲ್ ಬೆಲ್. ಹುಡುಗಿಯಾಗಿದ್ದಾಗ ಅವಳಿಗೆ ಯಾರೂ ಸೈಕಲ್ ಮುಟ್ಟಲು ಬಿಟ್ಟಿರಲಿಲ್ಲವಲ್ಲ, ಅದಕ್ಕೆ.

ಕೊಂಡವನು ನಾನು. ಹನ್ನೊಂದು ವರ್ಷದಿಂದ ನಿನ್ನ ಹೆಸರಲ್ಲಿ ಕೊಳ್ಳುತ್ತಿರುವವನೂ ನಾನೇ. ಚೀಟಿಯಲ್ಲಿ ನಿನ್ನ ಹಾಗೆಯೇ ಹೊಟ್ಟೆ ಸೀಳದೆ ‘ಶುಬಾಶಯ’ ಎಂದು ಬರೆದೆ. ಒಂದು ಪ್ರಾಸ ಪೆನ್ನಿನ ತುದಿಗೆ ಬಂದಿತ್ತು, ಬರೆಯದೆ ಬಿಟ್ಟೆ. ನಿನಗೆ ಪ್ರಾಸವೆಂದರೆ ತ್ರಾಸ.

ಅಮ್ಮ ಆ ಅಕ್ಷರವನ್ನು ಬೆರಳಿನಿಂದ ಸವರಿದಳು. “ಇಷ್ಟು ವಯಸ್ಸಾದ್ರೂ ಹೊಟ್ಟೆ ಸೀಳೋದು ಕಲೀಲಿಲ್ಲ ನೋಡು ನನ್ನ ಮಗ” ಎಂದಳು. ಆಮೇಲೆ ನನ್ನ ಹೆಸರಲ್ಲಿ ಕೊಟ್ಟ ಬಿಸಿನೀರಿನ ಚೀಲವನ್ನು ಪಕ್ಕಕ್ಕಿಟ್ಟು, “ನಿನಗೆ ನನ್ನ ಮಂಡಿ ಒಂದೇ ಕಾಣ್ಸೋದು ಕಣೋ. ಅವನಿಗೆ ನಾನು ಕಾಣ್ತೀನಿ” ಎಂದಳು.

ದಿನವಿಡೀ ಟ್ರಿಣ್ ಟ್ರಿಣ್ ಎಂದು ಬಾರಿಸುತ್ತ ಅಡುಗೆಮನೆಗೂ ಬಾಗಿಲಿಗೂ ಓಡಾಡಿದಳು. ನಾನು ಗೋಡೆಗೆ ಸರಿದು ದಾರಿ ಬಿಟ್ಟೆ.

ಸಂಜೆ ಕೇಳಿದಳು: “ಇಷ್ಟೆಲ್ಲ ನೆನಪಿಟ್ಕೊಂಡಿರೋನು ಒಂದ್ಸಲ ಬರಬಾರ್ದಾ?”

“ರಜೆ ಸಿಗಲ್ವಂತೆ” ಎಂದೆ.

ಈ ಮನೆ ಮೆಟ್ಟಿಲು ಹತ್ತಬೇಡ ಎಂದು ನಿನಗೆ ಹೇಳಿದವನು ಯಾರು ಎಂಬುದನ್ನು ಈ ವರ್ಷವೂ ಹೇಳಲಿಲ್ಲ.