ಅಡುಗೆಮನೆಯಿಂದ ಬರುತ್ತಿದ್ದ ‘ಆಯ್ತು’

ಅಣ್ಣಯ್ಯಾ,

ನಾನು ಹಡಗು ಹತ್ತಿ ಇಳಿದು ಬಂದೆ. ನಗಬೇಡ. ಕಳಸದಿಂದ ಹೊರನಾಡಿಗೆ ಜೀಪಿನಲ್ಲಿ ಹೋಗುವಷ್ಟರಲ್ಲಿ ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂರುತ್ತಿದ್ದ ನಿನ್ನ ತಂಗಿ, ಕೊಚ್ಚಿಯಿಂದ ಲಕ್ಷದ್ವೀಪದವರೆಗೆ ಸಮುದ್ರದ ಮೇಲೆ ಹೋಗಿ, ಒಂದು ಸಲವೂ ವಾಂತಿ ಮಾಡಿಕೊಳ್ಳದೆ ವಾಪಸು ಬಂದಿದ್ದಾಳೆ. ಅದೂ ಮಾರ್ಚ್ ತಿಂಗಳಲ್ಲಿ. ಗಿಡಕ್ಕೆ ಹೂ ತರುವ ಹೂ ಮಳೆ ಇವತ್ತು ಬರುತ್ತದೋ ನಾಳೆ ಬರುತ್ತದೋ ಎಂದು ಕಾಫಿಯವರೆಲ್ಲ ಆಕಾಶ ನೋಡುತ್ತ ಕೂತಿರುವ ಹೊತ್ತಿನಲ್ಲಿ. ಇಂಥ ಹೊತ್ತಿನಲ್ಲಿ ತೋಟ ಬಿಟ್ಟು ಟೂರ್ ಹೋಗುವವರಿಗೆ ನೀನು ಇಡುತ್ತಿದ್ದ ಹೆಸರುಗಳು ನನಗೆ ಮರೆತಿಲ್ಲ. ದಾರಿಯುದ್ದಕ್ಕೂ ಅವನ್ನೆಲ್ಲ ನನಗೆ ನಾನೇ ಇಟ್ಟುಕೊಂಡೆ. ಅತ್ತಿಗೆಗೋಸ್ಕರ ಹೋದೆ. ಹೋಗುವಾಗ ಇಬ್ಬರಿದ್ದೆವು, ಬರುವಾಗ ನಾನೊಬ್ಬಳೇ. ಗಾಬರಿಯಾಗಬೇಡ, ಅತ್ತಿಗೆ ಚೆನ್ನಾಗಿದ್ದಾರೆ. ಆರೋಗ್ಯವಾಗಿದ್ದಾರೆ. ಆದರೆ...

ಮೊದಲಿನಿಂದ ಹೇಳುತ್ತೇನೆ. ನಿನ್ನ ವರ್ಷಾಬ್ದಿಕ ಮುಗಿದ ಮಾರನೇ ದಿನ ನಾವಿಬ್ಬರೂ ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ತೊಳೆಯುತ್ತಿದ್ದೆವು. ಬಂದವರೆಲ್ಲ ಹೊರಟುಹೋಗಿದ್ದರು. ಮಿಕ್ಕ ವಡೆ ನಾಯಿಗೂ ಸಾಕಾಗಿತ್ತು. ಅತ್ತಿಗೆ ಇದ್ದಕ್ಕಿದ್ದಂತೆ ಕೈ ತೊಳೆದುಕೊಂಡು, ತಮ್ಮ ಹೋಗಿ ಬಂದಿದ್ದಾನಂತೆ, ನಾವೂ ಒಂದು ಸಲ ಹಡಗಿನಲ್ಲಿ ಹೋಗಿ ಬರೋಣವಾ ಎಂದು ಕೇಳಿದರು. ಕಡೂರಿನ ತಮ್ಮನ ಮನೆಯಲ್ಲೇ ಎರಡನೇ ರಾತ್ರಿ ನಿಲ್ಲದ ಹೆಂಗಸು ಅದು. ನಿಮಗೆ ಮಕ್ಕಳಿಲ್ಲ, ನನಗೆ ಮದುವೆಯೇ ಇಲ್ಲ, ಈ ಮನೆಯಲ್ಲಿ ಈಗ ನಾವಿಬ್ಬರೇ ಒಬ್ಬರಿಗೊಬ್ಬರು. ಅವರು ಏನನ್ನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲ ಸಲ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ವರ್ಷದ ದುಃಖ ಸ್ವಲ್ಪ ಇಳಿದು, ಹೊಸ ಉಸಿರು ತೆಗೆದುಕೊಂಡು ಬರುತ್ತಾರೆ ಎಂದುಕೊಂಡೆ.

ನಾನು ಮೂಡಿಗೆರೆ ಶಾಲೆಯಿಂದ ರಿಟೈರಾಗಿ ನಿಮ್ಮ ಮನೆಗೆ ಬಂದ ಮೊದಲ ಮಳೆಗಾಲ ನಿನಗೆ ನೆನಪಿದೆಯಾ? ಬೆಳಿಗ್ಗೆ ನಾನು ಬೇಗ ಎದ್ದವಳು, ನಿನಗೆ ಸಹಾಯವಾಗಲಿ ಎಂದು ಅಂಗಳದ ರೈನ್‌ಗೇಜಿನ ನೀರನ್ನು ಅಳೆದುಬಿಟ್ಟಿದ್ದೆ. ಮಧ್ಯಾಹ್ನದವರೆಗೆ ನೀನು ನನ್ನ ಹತ್ತಿರ ಮಾತಾಡಲಿಲ್ಲ. ಎಂಟು ಗಂಟೆಗೆ ಮೊದಲು ಅದನ್ನು ಮುಟ್ಟಬಾರದು, ನೋಡದೆ ನೀರು ಚೆಲ್ಲಬಾರದು, ಹೊರಗಿನವರ ಕೈ ತಾಗಬಾರದು. ಎಂಟಕ್ಕೆ ಸರಿಯಾಗಿ ನೀನೇ ಕೊಡೆ ಹಿಡಿದು ಅಂಗಳಕ್ಕಿಳಿಯುತ್ತಿದ್ದೆ. ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ನೇರಕ್ಕೆ ಎತ್ತಿ, ಅಡುಗೆಮನೆಯ ಕಿಟಕಿಯ ಕಡೆ ತಿರುಗಿ, “ಸುಶೀಲಾ, ಅರವತ್ತು ಸೆಂಟು!” ಎಂದು ಕೂಗುತ್ತಿದ್ದೆ. ಒಳಗಿನಿಂದ ಅತ್ತಿಗೆ “ಆಯ್ತು” ಎನ್ನುತ್ತಿದ್ದರು. ನೂರು ಸೆಂಟು ಸೇರಿ ಒಂದು ಇಂಚಾದ ದಿನ ನಿನ್ನ ದನಿ ಅತ್ತಲ ಗುಡ್ಡದವರಿಗೂ ಕೇಳುತ್ತಿತ್ತು. ಆಗಲೂ ಒಳಗಿನಿಂದ ಅದೇ “ಆಯ್ತು”. ಆ ಮಾತು ಕಿವಿಗೆ ಬಿದ್ದ ಮೇಲೆಯೇ ನೀನು ನೀರು ಚೆಲ್ಲುತ್ತಿದ್ದೆ. ಆಮೇಲೆ ಫೋನು. ಬಾಳೂರಿನವರಿಗೆ, ಜಾವಳಿಯವರಿಗೆ, ನಿಮ್ಮಲ್ಲಿ ಎಷ್ಟು, ನಮ್ಮಲ್ಲಿ ಇಷ್ಟು. ನಮ್ಮನೆಯಲ್ಲಿ ಇಬ್ಬರಿಗೂ ಮಳೆ ಹುಚ್ಚು ಮಾರಾಯ ಎಂದು ನೀನು ಹೇಳಿಕೊಂಡು ನಗುತ್ತಿದ್ದದ್ದು ನನಗೆ ಈಗಲೂ ಕೇಳಿಸುತ್ತದೆ.

ಹೋದ ವರ್ಷ ಮೆಣಸು ಕೊಯ್ಯುವ ಹೊತ್ತಿನಲ್ಲಿ ನೀನು ಆಸ್ಪತ್ರೆಯ ದಾರಿಯಲ್ಲಿ ಜೀಪಿನಲ್ಲೇ ಹೋಗಿಬಿಟ್ಟೆಯಲ್ಲ, ಆಮೇಲೆ ಬಂದ ಮೊದಲ ಮಳೆಯ ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಅತ್ತಿಗೆ ನಿಂತಿದ್ದರು. ಮೈಮೇಲೆ ನಿನ್ನ ಕಪ್ಪು ರೇನ್‌ಕೋಟು, ಅದರೊಳಗೆ ಅವರು ಯಾವಾಗಲೂ ಹಾಕುವ ಸ್ವೆಟರು. ಲೋಟವನ್ನು ಕಣ್ಣಿನ ನೇರಕ್ಕೆ ಎತ್ತಿ ಹಿಡಿದಿದ್ದರು. ಕೂಗಲಿಲ್ಲ. ಒಳಗೆ ಬಂದು, ಫೋನ್ ಮಾಡಿದವರಿಗೆಲ್ಲ ಇಷ್ಟು ಸೆಂಟು ಎಂದು ಹೇಳಿದರು. ಇಡೀ ಮಳೆಗಾಲ ಒಂದು ದಿನವೂ ತಪ್ಪಿಸಲಿಲ್ಲ. ಫೋನಿನಲ್ಲಿ ಆ ಕಡೆಯವರು, ಗಂಡನ ಕೆಲಸ ನಿಲ್ಲಿಸಲಿಲ್ಲ ನೋಡಿ ಎಂದು ಹೊಗಳುತ್ತಿದ್ದರು. ನಾನೂ ಕಿಟಕಿಯಲ್ಲಿ ನಿಂತು ಅತ್ತಿದ್ದೇನೆ. ನಾವೆಲ್ಲ ಎಷ್ಟು ದಡ್ಡರು ಅಣ್ಣಯ್ಯ.

ಹಡಗಿನ ಮೊದಲ ಬೆಳಿಗ್ಗೆ ಅತ್ತಿಗೆ ಡೆಕ್ಕಿನ ಕುರ್ಚಿಯಲ್ಲಿ ಕೂತಿದ್ದರು. ನಾನು ಗುರುತು ಹಿಡಿಯದೆ ಅವರನ್ನು ದಾಟಿ ಮುಂದೆ ಹೋದೆ. ಸ್ವೆಟರು ಹಾಕಿರಲಿಲ್ಲ, ಅದಕ್ಕೆ. ಮದುವೆಯಾಗಿ ಬಂದ ಲಾಗಾಯ್ತಿನಿಂದ ಅವರ ಮೊಣಕೈಯನ್ನು ನಾನು ಬಿಸಿಲಿನಲ್ಲಿ ನೋಡಿದ್ದೇ ಇಲ್ಲ ಎಂಬುದು ಆಗ ಹೊಳೆಯಿತು. ಬಿಸಿಲಿಗೆ ಕೈ ಚಾಚಿ, ಹಪ್ಪಳ ಒಣಗಿಸುವ ಹಾಗೆ ಆಗಾಗ ತಿರುಗಿಸಿಕೊಂಡು ಕೂತಿದ್ದರು. ಊಟಕ್ಕೆ ಕರೆದರೆ ಈಗ ಬಂದೆ ಎನ್ನುವರು, ಬರುವುದು ಎಷ್ಟೋ ಹೊತ್ತಿನ ಮೇಲೆ. ಎದುರಿಗೆ ಊಟಕ್ಕೆ ಕೂರುತ್ತಿದ್ದ ತ್ರಿಶೂರಿನ ಹೆಂಗಸಿಗೆ ನಾನು, ನಮ್ಮೂರಲ್ಲಿ ಈಗ ಐವತ್ತು ಸೆಂಟಾದರೂ ಬಂದಿರಬೇಕು ಎಂದೆ. ಅವರ ಕಡೆ ಸೆಂಟು ಎಂದರೆ ಜಮೀನಿನ ಅಳತೆ. ಐವತ್ತು ಸೆಂಟು ಬಂತಾ, ಅಣ್ಣನ ಪಾಲಿನದಾ, ರಸ್ತೆ ಪಕ್ಕದ್ದಾ ಎಂದು ವಿಚಾರಿಸತೊಡಗಿದರು. ಅತ್ತಿಗೆ ನಕ್ಕರು ನೋಡು, ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ನೀನು ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಇವರನ್ನು ಊರಿಗೆ ಹೀಗೇ ಕರೆದುಕೊಂಡು ಹೋದರೆ ಸಾಕು ಎಂದು ನಾನು ದೇವರಿಗೆ ಕೈ ಮುಗಿದೆ.

ವಾಪಸು ಬರುವ ಕೊನೆಯ ಸಂಜೆ ಸಮುದ್ರದ ಮೇಲೆ ಮಳೆ ಬಂತು. ಜನ ಕುರ್ಚಿ ಬಿಟ್ಟು ಒಳಗೆ ಓಡಿದರು. ನಾನು ಓಡಿದ್ದು ಕ್ಯಾಬಿನ್ನಿಗೆ, ಮನೆಯಿಂದ ತಂದಿದ್ದ ಸ್ಟೀಲ್ ಲೋಟ ತರಲು. ಡೆಕ್ಕಿನ ಒಂದು ಮೂಲೆಯಲ್ಲಿ, ಯಾರ ಕಾಲಿಗೂ ತಾಗದ ಹಾಗೆ ಅದನ್ನು ಇಟ್ಟೆ. ಅದು ನಿನ್ನದೇ ಹುಚ್ಚು. ನಿನ್ನ ನೆನಪಿಗೆ ಎಂದುಕೊಂಡೆನೋ, ಅತ್ತಿಗೆಗೆ ಸಂತೋಷವಾಗಲಿ ಎಂದುಕೊಂಡೆನೋ, ಗೊತ್ತಿಲ್ಲ. ಬೆಳಿಗ್ಗೆ ಎಂಟರವರೆಗೂ ಮುಟ್ಟಲಿಲ್ಲ. ಆ ಹೊತ್ತಿಗೆ ಕೊಚ್ಚಿಯ ದಡ ಕಾಣುತ್ತಿತ್ತು. ಜನರೆಲ್ಲ ಚೀಲ ಹಿಡಿದು ಕಂಬಿಯ ಪಕ್ಕ ನಿಂತು, ಮನೆಗೆ ಫೋನ್ ಮಾಡಿ, ಬಂದೆವು, ಇನ್ನೇನು ಬಂದೆವು ಎನ್ನುತ್ತಿದ್ದರು. ನಾನು ಲೋಟವನ್ನು ತುಳುಕದಂತೆ ಹಿಡಿದುಕೊಂಡು ಅತ್ತಿಗೆಯ ಹತ್ತಿರ ಹೋಗಿ, ನೋಡಿ, ಊರಲ್ಲೂ ಬಂದಿರುತ್ತದೆ, ಎಷ್ಟು ಸೆಂಟಿರಬಹುದು ಹೇಳಿ ಎಂದೆ.

ಅತ್ತಿಗೆ ಲೋಟವನ್ನು ಕೈಗೆ ತೆಗೆದುಕೊಂಡರು. ಒಳಗೆ ನೋಡಲಿಲ್ಲ. ಕಂಬಿಯಿಂದ ಆಚೆಗೆ ಕೈ ಚಾಚಿ ನೀರನ್ನು ಸಮುದ್ರಕ್ಕೆ ಸುರಿದು, ಲೋಟವನ್ನು ಸೆರಗಿನಿಂದ ಒರೆಸಿ ಚೀಲದೊಳಗೆ ಇಟ್ಟರು.

“ನಂಗೆ ಮಳೆ ಕಂಡ್ರೆ ಆಗಲ್ಲ ಕಣೇ ವಿಮಲಾ,” ಎಂದರು. “ಬಂದ ದಿನದಿಂದ್ಲೂ ಆಗ್ತಿರ್ಲಿಲ್ಲ.”

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ನಿನ್ನ ಪರವಾಗಿ ಸಿಟ್ಟು. ಹಾಗಾದರೆ ಅಣ್ಣಯ್ಯನಿಗೆ ಯಾಕೆ ಹೇಳಲಿಲ್ಲ, ಇಷ್ಟು ಕಾಲ ಯಾಕೆ ಆಯ್ತು, ಆಯ್ತು ಅಂತಿದ್ದಿರಿ ಎಂದು ಜನರ ಮಧ್ಯೆಯೇ ಕೇಳಿಬಿಟ್ಟೆ. ಅತ್ತಿಗೆ ದಡದ ಕಡೆಗೇ ನೋಡುತ್ತಿದ್ದರು.

“ಅಷ್ಟು ಖುಷೀಲಿ ಕೂಗೋರು. ಮಳೆ ಬೇಡ ಅಂದಿದ್ರೆ ಅವ್ರನ್ನೇ ಬೇಡ ಅಂದಂಗೆ ಆಗ್ತಿತ್ತು. ಅವ್ರು ಬೇಕಾಗಿತ್ತು ನಂಗೆ.” ಚೀಲವನ್ನು ಹೆಗಲಿಗೆ ಹಾಕಿಕೊಂಡು, “ಒಂದ್ ವರ್ಷ ಅವ್ರ ಕೆಲ್ಸ ಮಾಡ್ದೆ, ಮುಗೀತು. ನಾನು ಕಡೂರಿಗೆ ಹೋಗ್ತೀನಿ. ಕಳಸದ್ ಕಡೆ ಇನ್ನು ಬರಲ್ಲ,” ಎಂದರು.

ಕಡೂರು ನಮ್ಮ ಜಿಲ್ಲೆಯೇ, ಆದರೆ ಅಲ್ಲಿ ಮಳೆಗಾಲದಲ್ಲೂ ಬಟ್ಟೆ ಅಂಗಳದಲ್ಲೇ ಒಣಗುತ್ತದೆ ಎಂದು ಅವರು ಆಗಾಗ ಹೇಳುತ್ತಿದ್ದರಲ್ಲ? ನಾವು ಅದನ್ನು ತವರಿನ ಜಂಬ ಎಂದು ಗೇಲಿ ಮಾಡುತ್ತಿದ್ದೆವು. ಸ್ವೆಟರು ಹಾಕಿಕೊಂಡೇ ಹುಟ್ಟಿದವಳು ಎಂದು ನೀನು ರೇಗಿಸುತ್ತಿದ್ದೆ. ಚಳಿಯಾಗುತ್ತದಾ ಎಂದು ನಮ್ಮಲ್ಲಿ ಯಾರಾದರೂ ಒಬ್ಬರು ಕೇಳಿದ್ದೇವಾ? ಇಷ್ಟು ವರ್ಷ ಒಬ್ಬರ ಪಕ್ಕ ಒಬ್ಬರು ಮಲಗಿ ಎದ್ದವರಿಗೂ ಇದು ಗೊತ್ತಾಗುವುದಿಲ್ಲ ಎಂದರೆ, ಇನ್ನು ಯಾರಿಗೆ ಯಾರು ಗೊತ್ತಿರುತ್ತಾರೆ ಹೇಳು. ಕೊಚ್ಚಿಯಿಂದ ಮಂಗಳೂರಿನವರೆಗೆ ರೈಲಿನಲ್ಲಿ ಅವರ ಮಾತಿನಲ್ಲಿ ತಪ್ಪು ಹುಡುಕುತ್ತ ಬಂದೆ. ಸಿಗಲಿಲ್ಲ.

ಆದರೂ ಚಾರ್ಮಾಡಿ ಹತ್ತುವಾಗ ನನಗೊಂದು ಆಸೆ ಇತ್ತು. ಘಾಟಿ ಮುಗಿದು ಕೊಟ್ಟಿಗೆಹಾರ ಹತ್ತಿರವಾಗುತ್ತಿದ್ದ ಹಾಗೆ ಬಸ್ಸಿನೊಳಗೆ ವಾಸನೆ ನುಗ್ಗಿತು. ಹೂವಾಗಿತ್ತು ಅಣ್ಣಯ್ಯ! ನಾವು ಹೊರಟ ದಿನ ಸಂಜೆಯೇ ಮಳೆ ಬಂದಿತ್ತಂತೆ. ರಸ್ತೆಯ ಎರಡೂ ಕಡೆ ತೋಟಕ್ಕೆ ತೋಟವೇ ಬೆಳ್ಳಗೆ. ಈ ವಾಸನೆಗೆ ಸೋಲದವರು ಯಾರಿದ್ದಾರೆ, ಇಳಿದೇ ಇಳಿಯುತ್ತಾರೆ ಎಂದು ನಾನು ಉಸಿರು ಬಿಗಿಹಿಡಿದು ಕೂತೆ. ಕೊಟ್ಟಿಗೆಹಾರದಲ್ಲಿ ಕಳಸಕ್ಕೆ ಹೋಗುವವರು ಇಳಿಯಬೇಕು, ಬಸ್ಸು ಮೂಡಿಗೆರೆಯ ಕಡೆ, ಕಡೂರಿನ ದಾರಿಗೆ ಹೋಗುತ್ತದೆ. ನಾನು ಇಳಿದೆ. ಅತ್ತಿಗೆ ನನ್ನ ಚೀಲವನ್ನು ಕಿಟಕಿಯಿಂದ ಕೊಟ್ಟು, ಹತ್ತು ರೂಪಾಯಿ ಹೆಚ್ಚಾದರೂ ಜೀಪಿನಲ್ಲಿ ಮುಂದಿನ ಸೀಟೇ ಹಿಡಿ, ನಿಂಬೆಹಣ್ಣು ಮೇಲಿನ ಖಾನೆಯಲ್ಲಿದೆ ಎಂದರು. ಬರ್ತೀನಿ ಎನ್ನಲಿಲ್ಲ. ಯಾರೂ ಮರೆಯುವ ಮಾತಲ್ಲ ಅದು. ಬಸ್ಸು ಹೊರಟಿತು. ಅತ್ತಿಗೆ ಕಿಟಕಿಯ ಗಾಜು ಎಳೆದುಕೊಂಡರು.

ಮನೆಗೆ ಬಂದು ಬೀಗ ತೆಗೆದೆ. ಮಾರನೇ ಬೆಳಿಗ್ಗೆ ಎಂಟಕ್ಕೆ ಅಂಗಳಕ್ಕಿಳಿದೆ. ನೀನು ಹಾಕಿದ ಕಟ್ಟಳೆ, ಹೊರಗಿನವರು ಯಾರೂ ಮುಟ್ಟಿರಲಿಲ್ಲ. ಗೇಜಿನ ತಳದಲ್ಲಿ ಒಂದಿಷ್ಟು ನೀರು, ಅದರಲ್ಲಿ ಸತ್ತ ಇರುವೆ, ಕಾಫಿ ಹೂವಿನ ಎರಡು ಎಸಳು. ಒಂದು ವಾರದ ಬಿಸಿಲು ಎಷ್ಟು ಕುಡಿದಿದೆಯೋ ಯಾರು ಬಲ್ಲರು. ಅಳೆದೆ. ಮೂವತ್ತು ತೋರಿಸಿತು. ಅದು ಸುಳ್ಳು ಎಂದು ಗೊತ್ತಿದ್ದೂ ಬಾಯಿ ಕೇಳಬೇಕಲ್ಲ, ಕಿಟಕಿಯ ಕಡೆ ತಿರುಗಿ, “ಮೂವತ್ತು ಸೆಂಟು!” ಎಂದು ಕೂಗಿದೆ. ಆಮೇಲೆ ಆ ನೀರನ್ನು ಚೆಲ್ಲಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಲೋಟ ಹಿಡಿದು ನಿಂತೇ ಇದ್ದೆ.

ಆಗ ಫೋನು ಬಂತು. ಬಾಳೂರಿನವರು ಇರಬೇಕು ಎಂದುಕೊಂಡೆ. ಅತ್ತಿಗೆ. ಗೇಜು ನೋಡುವ ಎಂಟರ ಹೊತ್ತಿಗೇ ಅತ್ತಿಗೆ! ಲೋಟ ಕಟ್ಟೆಯ ಮೇಲಿಟ್ಟು, ಕೇಳುತ್ತಾರೆ, ಈಗ ಕೇಳುತ್ತಾರೆ, ಎಷ್ಟು ಸೆಂಟು ಎಂದು ಕೇಳಿಯೇ ಕೇಳುತ್ತಾರೆ ಎಂದು ಕಾದೆ. ಅವರು ಬಿ.ಪಿ. ಮಾತ್ರೆಯ ಚೀಟಿಯನ್ನು ಬಸ್ಸಿನಲ್ಲಿ ಕಳಿಸು ಎಂದರು. ಬೀರುವಿನಲ್ಲಿರುವ ಸ್ವೆಟರುಗಳನ್ನು ಆಳುಗಳಲ್ಲಿ ಯಾರಿಗಾದರೂ ಕೊಟ್ಟುಬಿಡು ಎಂದರು. ನಾನೇ ತಡೆಯಲಾರದೆ, ತೋಟ ಪೂರ್ತಿ ಹೂವಾಗಿದೆ ಅತ್ತಿಗೆ, ಅಣ್ಣಯ್ಯ ಇದ್ದಿದ್ದರೆ ಕುಣಿದುಬಿಡುತ್ತಿದ್ದ, ಒಂದು ಸಲ ಬಂದು ನೋಡಿಕೊಂಡಾದರೂ ಹೋಗಿ ಎಂದೆ.



“ಆಯ್ತು,” ಎಂದರು.

ಅದೇ ದನಿ ಅಣ್ಣಯ್ಯ. ಹೆಚ್ಚಿಲ್ಲ, ಕಡಿಮೆಯಿಲ್ಲ. ನೀನು ಬೆಳಗಾದರೆ ಕಿಟಕಿಯಿಂದ ಕೇಳಿಸಿಕೊಂಡು, ತೃಪ್ತಿಯಾಗಿ ನೀರು ಚೆಲ್ಲುತ್ತಿದ್ದೆಯಲ್ಲ, ಅದೇ. ಅವರು ಬರುವುದಿಲ್ಲ ಎಂದು ನನಗೆ ಆಗ ಪೂರ್ತಿ ಗೊತ್ತಾಯಿತು.

ಸ್ವೆಟರುಗಳನ್ನು ಇವತ್ತು ಕೊಟ್ಟೆ. ಇನ್ನೊಂದು ಮಳೆ ಬಿದ್ದರೆ ಕಾಯಿ ಕಚ್ಚುತ್ತದೆ, ಬೀಳದಿದ್ದರೆ ಈ ಹೂವೆಲ್ಲ ಉದುರುತ್ತದೆ. ಅದೂ ಏನಾಗುತ್ತದೋ. ಗೇಜನ್ನು ತೊಳೆದು ಅದರ ಜಾಗದಲ್ಲೇ ಇಟ್ಟಿದ್ದೇನೆ. ಮಳೆ ಬಂದರೆ ಎಂಟು ಗಂಟೆಗೆ ಹೋಗಿ ನೋಡುತ್ತೇನೆ, ತಪ್ಪಿಸುವುದಿಲ್ಲ. ಕೂಗುವುದಿಲ್ಲ.

ನಿನ್ನ ತಂಗಿ,
ವಿಮಲಾ